ಪೊಲೀಸರಿಂದ ಸಿಸಿಟಿವಿ ಲೆಕ್ಕ ಪಡೆದ ಬಗೆ: ನನ್ನ ಅನುಭವ

ನಮ್ಮ ನಗರದ ಸಿಸಿಟಿವಿ ದುರಸ್ತಿ ವಹಿಯ ಪ್ರತಿಗಳೂ ಮೂರು ವರ್ಷಗಳ ಠಾಣಾವಾರು ಮಾಸಿಕ ಅಪರಾಧ ತಃಖ್ತೆಗಳೂ ಈಗ ನನ್ನ ಕಪಾಟಿನಲ್ಲಿವೆ. ಎಲ್ಲವೂ ಇಲಾಖೆಯ ಮೊಹರು ಬಿದ್ದ ದೃಢೀಕೃತ ಪ್ರತಿಗಳು. "ಭದ್ರತೆ ಎಂದು ಒಂದು ಸಾಲು ಬರೆದು ಕಡತ ಮುಚ್ಚುತ್ತಾರೆ, ಅಂಚೆ ಖರ್ಚು ದಂಡ" ಎಂದು ನನಗೆ ಬುದ್ಧಿ ಹೇಳಿದ ಆರ್‌ಟಿಐ (ಮಾಹಿತಿ ಹಕ್ಕು) ಹಿರಿಯರಲ್ಲಿ ಇಬ್ಬರು ಈಗ ನನ್ನ ಅರ್ಜಿಯ ನಮೂನೆ ಕೇಳುತ್ತಿದ್ದಾರೆ. ಅವರಿಗೂ ಉಳಿದವರಿಗೂ ಸೇರಿ ಒಮ್ಮೆ ಬರೆದುಬಿಡುತ್ತೇನೆ.

ಅವರ ಅನುಮಾನಕ್ಕೆ ಕಾರಣವಿತ್ತು. ಮೊದಲ ಸುತ್ತಿನ ಅರ್ಜಿಗಳೆಲ್ಲ ಬಿದ್ದವು. ಕ್ಯಾಮೆರಾಗಳು ಎಲ್ಲಿವೆ ಎಂದು ಕೇಳಿದ್ದಕ್ಕೆ ಮಾಹಿತಿ ಹಕ್ಕು ಕಾಯ್ದೆಯ 8(1)(ಎ), ಅಂದರೆ ದೇಶದ ಭದ್ರತೆಯ ಕಾರಣ. ಎಷ್ಟು ಪ್ರಕರಣಗಳ ಪತ್ತೆಗೆ ನೆರವಾಗಿವೆ ಎಂದು ಕೇಳಿದ್ದಕ್ಕೆ "ಸದರಿ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ". ಕಳ್ಳತನ ಹೆಚ್ಚಿದೆಯೇ ಎಂಬುದಕ್ಕೆ "ಪ್ರಶ್ನಾರೂಪದಲ್ಲಿದೆ". ಇನ್ನೊಂದು ಅರ್ಜಿ ರಾಜ್ಯ ನಿಯಮಗಳ 14ನೇ ನಿಯಮದಡಿ, ಒಂದಕ್ಕಿಂತ ಹೆಚ್ಚು ವಿಷಯವಿದೆ, 150 ಪದ ಮೀರಿದೆ ಎಂದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಮೇತ ಮರಳಿತು.

ಇರುವ ದಾಖಲೆ ಕೊಡಬೇಕು, ಇಲ್ಲದ್ದನ್ನು ಸೃಷ್ಟಿಸಿ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿರುವುದು ನಿಮಗೆ ಗೊತ್ತೇ ಇದೆ. ಅದನ್ನು ಅಧಿಕಾರಿಗಳು ಗುರಾಣಿ ಮಾಡಿಕೊಂಡಿದ್ದಾರೆ, ನಾನು ದಾರಿಸೂಚಿ ಮಾಡಿಕೊಂಡೆ. ಅಂದಿನಿಂದ ನನ್ನ ಅರ್ಜಿಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ಯಾವ ವಹಿ, ಯಾವ ಅವಧಿ, ಯಾವ ಶಾಖೆ, ಇಷ್ಟೇ.

ಕ್ಯಾಮೆರಾಗಳ ನಿಜಸ್ಥಿತಿ ಹಣದ ಕಡತದಲ್ಲಿರುತ್ತದೆ. ನಮ್ಮಲ್ಲಿ ಕ್ಯಾಮೆರಾ ನೋಡುವವರು ಪೊಲೀಸರು, ದುಡ್ಡು ಕೊಡುವವರು ಬೇರೆ. ವಾರ್ಷಿಕ ನಿರ್ವಹಣಾ ಗುತ್ತಿಗೆಯ ಬಿಲ್ಲು ಪಾಸಾಗಬೇಕಾದರೆ ಎಷ್ಟು ಕ್ಯಾಮೆರಾ ಎಷ್ಟು ಗಂಟೆ ಕೆಟ್ಟಿತ್ತು, ಅದಕ್ಕೆ ಎಷ್ಟು ದಂಡ ಕಡಿತ ಎಂಬ ತಃಖ್ತೆ ಲಗತ್ತಾಗಲೇಬೇಕು. ಹಾಗಾಗಿ ಪೊಲೀಸ್ ಕಚೇರಿಯನ್ನು ಸ್ವಲ್ಪ ಕಾಲ ಬಿಟ್ಟು ಹಣ ಪಾವತಿಸುವ ಕಚೇರಿಗೆ ಅರ್ಜಿ ಹಾಕಿ, 2(ಜೆ) ಅಡಿ ಕಡತ ಪರಿಶೀಲನೆ ಕೇಳಿದೆ. ಅಲ್ಲಿ ಭದ್ರತೆಯ ಮಾತು ಯಾರೂ ಎತ್ತಲಿಲ್ಲ. ಅವರಿಗೆ ಅದು ಬೀದಿ ದೀಪದ ಬಿಲ್ಲಿನಂಥದೇ ಇನ್ನೊಂದು ಬಿಲ್ಲು. ವೃತ್ತಗಳ ಹೆಸರೂ ಕ್ಯಾಮೆರಾ ಸಂಖ್ಯೆಯೂ ಬಿಲ್ಲಿನ ಬೆನ್ನಿಗೇ ಇದ್ದವು. ಇದಕ್ಕೂ ಮೊದಲು ಟೆಂಡರ್ ದಾಖಲೆ ಇಳಿಸಿಕೊಂಡಿದ್ದೆ. ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಗುತ್ತಿಗೆದಾರರೆಲ್ಲ ನೋಡಲಿ ಎಂದು ಹಾಕಿದ ಪಟ್ಟಿ ಅದು. ಸ್ಥಳಗಳು ಗುಟ್ಟು ಎಂದವರ ಎದುರು ಮೇಲ್ಮನವಿಯಲ್ಲಿ ಅದನ್ನೇ ಲಗತ್ತಿಸಿದೆ.

ಈಗ ಪೊಲೀಸರ ದುರಸ್ತಿ ವಹಿ. ಅದು ಅಲ್ಲಿದೆ ಎಂದು ಬಿಲ್ಲಿನಿಂದ ಗೊತ್ತಾಗಿತ್ತು. ಹೆಸರು ಹಿಡಿದು ಕೇಳಿದ್ದರಿಂದ ಇಲ್ಲ ಎನ್ನಲಾಗಲಿಲ್ಲ. ಸಾವಿರದ ನಾನೂರರ ಆಸುಪಾಸಿನ ಪುಟ, ಪುಟಕ್ಕೆ ಎರಡು ರೂಪಾಯಿಯಂತೆ ಎರಡು ಸಾವಿರದ ಎಂಟುನೂರು ಚಿಲ್ಲರೆ ಕಟ್ಟಿ ಎಂಬ ಪತ್ರ ಬಂತು. ಪತ್ರದ ಮೇಲಿನ ದಿನಾಂಕ ಮೂವತ್ತು ದಿನದ ಗಡುವಿನ ಒಳಗೇ ಇತ್ತು. ಆದರೆ ಲಕೋಟೆಯ ಮೇಲಿನ ಅಂಚೆ ಮುದ್ರೆ, ಮಸುಕಾಗಿದ್ದರೂ ಭೂತಗನ್ನಡಿಯಲ್ಲಿ ಓದುವಷ್ಟಿತ್ತು, ಗಡುವು ಮುಗಿದು ವಾರದ ಮೇಲಿನದು. ಸರ್ಕಾರಿ ಲಕೋಟೆಯನ್ನು ನಾನು ಎಂದೂ ಎಸೆಯುವುದಿಲ್ಲ, ಪತ್ರಕ್ಕೇ ಪಿನ್ನು ಹೊಡೆದು ಇಡುತ್ತೇನೆ. ಮೊದಲ ಮೇಲ್ಮನವಿಯಲ್ಲಿ, ಗಡುವು ಮೀರಿದರೆ ಮಾಹಿತಿ ಉಚಿತ ಎನ್ನುವ 7(6) ಉಲ್ಲೇಖಿಸಿ ಲಕೋಟೆಯ ಬಣ್ಣದ ಜೆರಾಕ್ಸ್ ಲಗತ್ತಿಸಿದೆ. ವಿಚಾರಣೆ ಐದು ನಿಮಿಷವೂ ನಡೆಯಲಿಲ್ಲ. ಅಷ್ಟೂ ಪುಟ ಉಚಿತ.

ವಹಿಯನ್ನು ಓದುವುದೇ ಒಂದು ಅನುಭವ. ಕ್ಯಾಮೆರಾ ಸಂಖ್ಯೆ, ವೃತ್ತ, ದೂರು ದಿನಾಂಕ, ಸರಿಪಡಿಸಿದ ದಿನಾಂಕ, ಷರಾ. ಷರಾ ಕಾಲಂನಲ್ಲಿ "ರಸ್ತೆ ಅಗೆತ, ಕೇಬಲ್ ತುಂಡು" ಎಂಬುದು ಪುಟಗಟ್ಟಲೆ. ಒಂದು ಕ್ಯಾಮೆರಾದ ಎದುರು "ಬೇವಿನ ಕೊಂಬೆ ಅಡ್ಡ, ಅರಣ್ಯ ಇಲಾಖೆಗೆ ಬರೆದಿದೆ" ಎಂದಿದೆ. ನಾಲ್ಕು ತಿಂಗಳ ನಂತರ ಅದೇ ಕ್ಯಾಮೆರಾದ ಎದುರು "ಕೊಂಬೆ ಅಡ್ಡ, ಮೇಲಿನಂತೆ". ನನ್ನ ಅಂದಾಜಿನಲ್ಲಿ ಯಾವುದೇ ದಿನ ಮೂರರಲ್ಲಿ ಒಂದು ಕ್ಯಾಮೆರಾ ಕುರುಡು. ಇದೇ ಅವಧಿಯ ಬಿಲ್ಲುಗಳಲ್ಲಿ ದಂಡ ಕಡಿತ ಬಹುತೇಕ ಸೊನ್ನೆ. ಆ ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕಪರಿಶೋಧನೆಯವರಿಗೆ ಬರೆದದ್ದು ಬೇರೆಯ ಕಥೆ.

ಅಪರಾಧದ ಅಂಕಿ ಕೇಳುವಾಗ "ಅಂಕಿಅಂಶ" ಎಂಬ ಮಾತನ್ನೇ ಬಳಸಬೇಡಿ, ಬಳಸಿದರೆ ವೆಬ್‌ಸೈಟ್ ನೋಡಿ ಎನ್ನುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) ವರದಿಯಿಂದಲೂ ಠಾಣಾ ಮಟ್ಟದಲ್ಲಿ ಪ್ರಯೋಜನವಿಲ್ಲ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅಲ್ಲಿ ಲೆಕ್ಕಕ್ಕೆ ಬರುವುದು ಅತಿ ಘೋರವಾದದ್ದು ಒಂದೇ. ಪ್ರತಿ ಠಾಣೆಯೂ ಮಾಸಿಕ ಅಪರಾಧ ಪರಿಶೀಲನಾ ಸಭೆಗೆ ಒಯ್ಯುವ ತಃಖ್ತೆ ಕೇಳಿ. ದಾಖಲಾದದ್ದು, ಪತ್ತೆಯಾದದ್ದು, ಕಳುವಾದ ಮಾಲಿನ ಮೌಲ್ಯ, ವಶಪಡಿಸಿಕೊಂಡದ್ದು, ಪತ್ತೆಯಾಗದೆ ಮುಚ್ಚಿ ಸಿ ರಿಪೋರ್ಟ್ ಹಾಕಿದ್ದು, ಎಲ್ಲವೂ ಅಲ್ಲಿವೆ. ತನಿಖೆಗೆ ಅಡ್ಡಿ ಎಂದು 8(1)(ಎಚ್) ಮುಂದಿಟ್ಟರೆ ದೆಹಲಿ ಹೈಕೋರ್ಟ್‌ನ 2007ರ ಭಗತ್ ಸಿಂಗ್ ತೀರ್ಪು ಸಾಕು: ತನಿಖೆ ನಡೆಯುತ್ತಿದೆ ಎಂದರಷ್ಟೇ ಆಗದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು.

ವರ್ಷ ವರ್ಷ ಹೋಲಿಸುವವರು 2024ರ ಜುಲೈ 1ನ್ನು ಕೆಂಪು ಶಾಯಿಯಲ್ಲಿ ಗುರುತಿಟ್ಟುಕೊಳ್ಳಿ. ಅಂದಿನಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ. ಕಳವಿನ 379 ಹೋಗಿ 303(2) ಬಂದಿದೆ. ಸರಗಳ್ಳತನವೂ ಸೇರುವ ಕಸಿದೊಯ್ಯುವಿಕೆಗೆ 304 ಎಂಬ ಸ್ವತಂತ್ರ ಕಲಂ ಬಂದಿದೆ. ಹಿಂದೆ ಅದು ಕೆಲವೊಮ್ಮೆ ಕಳವಿನಲ್ಲಿ, ಕೆಲವೊಮ್ಮೆ ಸುಲಿಗೆಯಲ್ಲಿ ಅಡಗಿರುತ್ತಿತ್ತು. ಕಲಂ ಹಿಡಿದು ಕೂಡಿಸಿದರೆ ಇಲ್ಲದ ಏರಿಳಿತ ಕಾಣಿಸುತ್ತದೆ. ನಾನು ತಃಖ್ತೆಯ ಶೀರ್ಷಿಕೆ ಹಿಡಿದು ಕೂಡಿಸಿದೆ.

ಕ್ಯಾಮೆರಾದಿಂದ ಎಷ್ಟು ಪ್ರಕರಣ ಪತ್ತೆ ಎಂಬ ಹಳೆಯ ಪ್ರಶ್ನೆಗೂ ಹಿತ್ತಿಲ ಬಾಗಿಲು ಸಿಕ್ಕಿತು. ದೃಶ್ಯ ಬೇಕಾದರೆ ಠಾಣೆಯವರು ನಿಯಂತ್ರಣ ಕೊಠಡಿಗೆ ಬರೆಯಬೇಕು. ಕೋರ್ಟಿಗೆ ಒಯ್ಯಬೇಕಾದರೆ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಬೇಕು, ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ, ಈಗಿನ ಸಾಕ್ಷ್ಯ ಅಧಿನಿಯಮದ 63. ಎರಡೂ ರವಾನೆ ವಹಿಯಲ್ಲಿ ನಮೂದಾಗುತ್ತವೆ. ವಹಿಯ ಯಾವ ಅಂಕಣ ಕೇಳಬೇಕು, ಯಾವುದನ್ನು ಕೇಳಬಾರದು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬರೆದ ಮರುದಿನವೇ ಆ ಬಾಗಿಲೂ ಮುಚ್ಚುತ್ತದೆ. ಹೆಸರುಗಳ ತಕರಾರು ಬಾರದಂತೆ 10ನೇ ಕಲಮಿನಡಿ ಹೆಸರು, ಮೊಬೈಲ್ ಸಂಖ್ಯೆ ಮರೆಮಾಡಿ ಕೊಡಿ ಎಂದು ಅರ್ಜಿಯಲ್ಲಿ ನಾನೇ ಬರೆಯುತ್ತೇನೆ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ತಂದ ತಿದ್ದುಪಡಿಯ ಮೇಲೆ, ವೈಯಕ್ತಿಕ ಮಾಹಿತಿಯನ್ನು ತಡೆಹಿಡಿಯುವ 8(1)(ಜೆ) ಮೊದಲಿಗಿಂತ ಬಿಗಿಯಾಗಿದೆ. ಹಾಗೆಯೇ "ಸರ್ಕಾರಿ ಹಣದಿಂದ ಅಳವಡಿಸಿದ" ಎಂಬ ಮಾತು ಬಿಟ್ಟರೆ ಅಂಗಡಿ ಮಳಿಗೆಗಳ ಕ್ಯಾಮೆರಾಗಳನ್ನೂ ಸೇರಿಸಿ ದೊಡ್ಡ ಸಂಖ್ಯೆ ಕೊಡುತ್ತಾರೆ.

ನಡುವೆ ಚಪಲಕ್ಕೆ ಒಂದೆರಡು ಪ್ರಯೋಗ ಮಾಡಿದೆ. ನಾನೇ ರಸ್ತೆ ದಾಟಿದ ಹತ್ತು ನಿಮಿಷದ ದೃಶ್ಯ ಕೇಳಿದೆ. ಉತ್ತರಕ್ಕೆ ಮೂವತ್ತು ದಿನ, ಹಾರ್ಡ್ ಡಿಸ್ಕಿನ ಆಯುಸ್ಸೂ ಮೂವತ್ತು ದಿನ, "ಅಳಿಸಿಹೋಗಿದೆ" ಎಂದರು. ಮತ್ತೊಮ್ಮೆ, ದೃಶ್ಯ ಕಾಯ್ದಿಡಲು ಕೋರಿದ ಪತ್ರವನ್ನು ಅರ್ಜಿಯ ಜೊತೆಗೇ ಕೊಟ್ಟೆ. ದೃಶ್ಯ ಉಳಿಯಿತು, ಆದರೆ ಬೇರೆಯವರ ಮುಖಗಳಿವೆ ಎಂದು ಕೊಡಲಿಲ್ಲ. ಅದನ್ನು ಬೆಳೆಸಲಿಲ್ಲ. ಇನ್ನೊಂದು ಪ್ರಯೋಗ ಠಾಣೆಯೊಳಗಿನ ಕ್ಯಾಮೆರಾಗಳದ್ದು. ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಪ್ರತಿ ಠಾಣೆಯಲ್ಲೂ ಧ್ವನಿ ಸಹಿತ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂದಿತು. ದೃಶ್ಯ ಕೇಳದೆ ಹಾರ್ಡ್ ಡಿಸ್ಕ್ ಖರೀದಿಯ ಆದೇಶ ಕೇಳಿದೆ. ಸಾಮರ್ಥ್ಯ ತಿಳಿದರೆ ಎಷ್ಟು ದಿನ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಹೇಳಬಹುದು. ಅದು ನಿರಾಕರಣೆಯಾಗಿ ಈಗ ಎರಡನೇ ಮೇಲ್ಮನವಿಯಲ್ಲಿದೆ, ವಿಚಾರಣೆಯ ದಿನಾಂಕ ಇನ್ನೂ ಬಂದಿಲ್ಲ.

ಖರ್ಚು ಕೇಳುವವರಿಗೆ: ಪೋಸ್ಟಲ್ ಆರ್ಡರ್, ಅಂಚೆ, ಜೆರಾಕ್ಸ್, ಬಸ್ ಚಾರ್ಜು ಎಲ್ಲ ಸೇರಿ ಮೂರೂವರೆ ಸಾವಿರದೊಳಗೆ. ಅರ್ಧದಷ್ಟು ಹೋದದ್ದು ಬಿದ್ದುಹೋದ ಮೊದಲ ಸುತ್ತಿಗೇ. ವಿಷಯಕ್ಕೊಂದು ಅರ್ಜಿಯಂತೆ ಒಡೆದು ಹಾಕಿದರೆ ಹತ್ತು ಹತ್ತು ರೂಪಾಯಿ ಹೆಚ್ಚಾಗುತ್ತದೆ, ಆದರೆ ಒಂದು ತಿರಸ್ಕೃತವಾದರೆ ಉಳಿದವು ಬದುಕುತ್ತವೆ. ಪ್ರತಿಗಳನ್ನು ಕಟ್ಟಿಕೊಡುವಾಗ ವಿಷಯ ನಿರ್ವಾಹಕರು, "ವಹಿಯ ಹೆಸರು ಮೊದಲೇ ಬರೆದಿದ್ದರೆ ನಮಗೂ ಇಷ್ಟು ಓಡಾಟ ಇರುತ್ತಿರಲಿಲ್ಲ ಸರ್" ಎಂದರು. ಪಕ್ಕದ ಜಿಲ್ಲೆಗೆ ಹಾಕಿರುವ ಅರ್ಜಿಗಳಲ್ಲಿ ಹೆಸರು ಮೊದಲ ಸಾಲಿನಲ್ಲೇ ಇದೆ.