ಗಾಲ್ಫ್ ಮತ್ತು ಎಡ ಹಿಮ್ಮಡಿಯ ನೋವು: ನನ್ನ ಅನುಭವ

ಗಾಲ್ಫ್ ಅಂದರೆ ಸೊಂಟ, ಭುಜದ ಆಟ ಅಂತ ತುಂಬಾ ಜನ ಹೇಳುತ್ತಾರೆ. ಆದರೆ ನೆಲಕ್ಕೆ ತಾಗಿರುವುದು ಪಾದ ಮಾತ್ರ ಅಲ್ವಾ? ನೆಲವನ್ನು ಒತ್ತಿದಾಗ ಸಿಗುವ ಬಲವೇ ಕಾಲು, ಸೊಂಟ, ತೋಳು ದಾಟಿ ಕ್ಲಬ್ಬಿಗೆ (ಚೆಂಡು ಹೊಡೆಯುವ ಕೋಲಿಗೆ) ಹೋಗುವುದು. ಎಡ ಹಿಮ್ಮಡಿ ನೋಯತೊಡಗಿದ ಮೇಲೆ ನಾನು ಇದನ್ನು ಗಮನವಿಟ್ಟು ನೋಡಲು ಶುರು ಮಾಡಿದೆ.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಯ ಒಳಬದಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಸ್ವಲ್ಪ ನಡೆದರೆ ಕಡಿಮೆ. ಆಟ ಮುಗಿಸಿ ಕೂತು ಎದ್ದರೆ ಮತ್ತೆ ಜಾಸ್ತಿ. ಫಿಸಿಯೋ ನೋಡಿ ಪ್ಲಾಂಟರ್ ಫ್ಯಾಸಿಟಿಸ್ ಅಂದರು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದೇ. ಅದಕ್ಕೆ ತಾಳಲಾರದಷ್ಟು ಹೊರೆ ಬಿದ್ದಾಗ ಹಿಮ್ಮಡಿ ಹತ್ತಿರ ನೋಯುತ್ತದೆ. 2023ರ ಮಾಸ್ಟರ್ಸ್ ಗಾಲ್ಫ್ ಟೂರ್ನಿಯಿಂದ ಹೆಸರಾಂತ ಆಟಗಾರ ಟೈಗರ್ ವುಡ್ಸ್ ಅರ್ಧಕ್ಕೇ ಹಿಂದೆ ಸರಿದದ್ದೂ ಇದೇ ನೋವಿಗೆ.

18 ಹೋಲ್, ಅಂದರೆ ಒಂದು ಪೂರ್ತಿ ಆಟ, ನಡೆದು ಆಡಿದರೆ ಸುಮಾರು 8ರಿಂದ 10 ಕಿಲೋಮೀಟರ್ ಆಗುತ್ತದೆ. ಅದೇ ಒಂದು ಹೊರೆ. ಅದರ ಮೇಲೆ ಸ್ವಿಂಗ್, ಅಂದರೆ ಕ್ಲಬ್ ಬೀಸುವುದು. ಫೋನನ್ನು ನೆಲದ ಹತ್ತಿರ ಇಟ್ಟು ಬರೀ ಪಾದಗಳನ್ನು ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದೆ. ನಾನು ಬಲಗೈ ಆಟಗಾರ. ಬ್ಯಾಕ್‌ಸ್ವಿಂಗ್‌ನಲ್ಲಿ (ಕ್ಲಬ್ ಹಿಂದಕ್ಕೆ ಎತ್ತುವಾಗ) ಭಾರ ಬಲಗಾಲಿಗೆ ಹೋಗುತ್ತದೆ. ಕ್ಲಬ್ ಕೆಳಗೆ ಬರುವ ಮೊದಲೇ ಎಡಗಾಲಿಗೆ ಸಾಗುತ್ತದೆ. ಫಿನಿಶ್ (ಬೀಸು ಮುಗಿಯುವ) ಹೊತ್ತಿಗೆ ಹೆಚ್ಚುಕಡಿಮೆ ಇಡೀ ಮೈ ಎಡಗಾಲಿನ ಮೇಲೆ. ವಿಡಿಯೋದಲ್ಲಿ ನನ್ನ ಎಡಪಾದ ನೆಟ್ಟಗೆ ಮುಂದಕ್ಕೆ ನೋಡುತ್ತಿತ್ತು. ಸೊಂಟ ತಿರುಗುತ್ತಿದ್ದಂತೆ ಪಾದ ಹೊರ ಅಂಚಿನ ಮೇಲೆ ಮಗುಚಿ, ಹೆಬ್ಬೆರಳಿನ ಬುಡ ನೆಲ ಬಿಟ್ಟು ಮೇಲೇಳುತ್ತಿತ್ತು. ಕಾಲು ಉಳುಕುವುದೂ ಇದೇ ಭಂಗಿಯಲ್ಲೇ.

ಅದಕ್ಕೇ ಎಡಪಾದದ ತುದಿಯನ್ನು 20ರಿಂದ 30 ಡಿಗ್ರಿಯಷ್ಟು ಹೊರಕ್ಕೆ ತಿರುಗಿಸಿ ನಿಲ್ಲಲು ಶುರು ಮಾಡಿದೆ. ಸೊಂಟ ಸಲೀಸಾಗಿ ತಿರುಗಿತು. ಮಂಡಿಗೆ ಬೀಳುವ ತಿರುಚು ಕೂಡ ಕಡಿಮೆಯಾಯಿತು. ಅಭ್ಯಾಸಕ್ಕೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು, ಶಾರ್ಟ್ ಐರನ್ (ಗಿಡ್ಡ ಕ್ಲಬ್) ಹಿಡಿದು ಅರ್ಧ ಸ್ವಿಂಗ್ ಮಾಡುತ್ತಿದ್ದೆ. ಹೆಬ್ಬೆರಳು, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ಕಡೆ ನೆಲ ಸಿಗುತ್ತಿದೆಯಾ ಅಂತ ನೋಡುವುದು. ಬೂಟು ಹಾಕಿದರೆ ಇದು ಅಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ.

ಸುಮ್ನೆ ರೆಸ್ಟ್ ತೆಗೆದುಕೊಂಡರೆ ನೋವು ತಗ್ಗಬಹುದು, ಪಟ್ಟಿ ಬಲವಾಗುವುದಿಲ್ಲ. ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಮೆಟ್ಟಿಲ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಬೇಕು. ಒಂಟಿ ಕಾಲಲ್ಲಿ 3 ಸೆಕೆಂಡಿನಲ್ಲಿ ಹಿಮ್ಮಡಿ ಮೇಲೆತ್ತಿ, 2 ಸೆಕೆಂಡ್ ನಿಂತು, 3 ಸೆಕೆಂಡಿನಲ್ಲಿ ಇಳಿಸಬೇಕು. ದಿನ ಬಿಟ್ಟು ದಿನ ಮಾಡಬೇಕು. ಸಲೀಸಾದ ಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿಕೊಂಡೆ. ಬೆಳಿಗ್ಗೆ ಮಾತ್ರ ಹಾಸಿಗೆಯಿಂದ ಇಳಿಯುವ ಮೊದಲೇ ಬೆರಳುಗಳನ್ನು ಮೊಣಕಾಲಿನ ಕಡೆ ಎಳೆದು 10 ಸೆಕೆಂಡ್ ಹಿಡಿಯುತ್ತಿದ್ದೆ, ಹತ್ತು ಸಲ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ತಾಳ್ಮೆ ಬೇಕು.

ಬಲಗಾಲಿನದ್ದು ಬೇರೆ ಕಥೆ. ಫಿನಿಶ್‌ನಲ್ಲಿ ಅದು ತುದಿಬೆರಳಿನ ಮೇಲೆ ನಿಲ್ಲುತ್ತದೆ. ಹೆಬ್ಬೆರಳಿನ ಕೀಲು ಬಿಗಿಯಾಗಿದ್ದವರಿಗೆ ನೋವು ಅಲ್ಲೇ. ಅಂಥವರಿಗೆ ಸುಲಭಕ್ಕೆ ಬಾಗದ, ಗಟ್ಟಿ ಅಟ್ಟೆಯ ಬೂಟು ಒಳ್ಳೆಯದು. ಬೂಟನ್ನು ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಆಡುವಾಗಿನ ಸಾಕ್ಸ್ ಹಾಕಿಯೇ ನೋಡಿ. ಮುಂಭಾಗ ಬಿಗಿಯಾದರೆ ಉಗುರು ಕಪ್ಪಾಗುತ್ತದೆ, ಬೆರಳುಗಳ ನಡುವೆ ಉರಿ, ಜೋಮು ಬರುತ್ತದೆ.

ಕಾಲು ಉಳುಕಿ ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಇಲ್ಲವೇ ಹಿಮ್ಮಡಿ ಹಿಂದಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಪಟ್ ಅಂದರೆ, ವ್ಯಾಯಾಮದ ಮಾತೇ ಬೇಡ. ನೇರವಾಗಿ ಡಾಕ್ಟರ ಹತ್ತಿರ ಹೋಗಿ. 2015ರಲ್ಲಿ ಫುಟ್‌ಬಾಲ್ ಆಡುವಾಗ ಎಡ ಆಂಕಲ್‌ನ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿ) ಹರಿದುಕೊಂಡ ಗಾಲ್ಫ್ ಆಟಗಾರ ರೋರಿ ಮೆಕಿಲ್‌ರಾಯ್ ಆ ವರ್ಷದ ಓಪನ್ ಗಾಲ್ಫ್ ಟೂರ್ನಿ ಆಡಲೇ ಇಲ್ಲ.

ವಾಪಸ್ ಆಟಕ್ಕೆ ಬಂದಾಗ ಮೊದಲು ಪಟ್ಟಿಂಗ್, ಚಿಪ್ಪಿಂಗ್‌ನಂಥ ಮೆಲ್ಲಗಿನ ಸಣ್ಣ ಹೊಡೆತ ಮಾಡಿದೆ. ಆಮೇಲೆ 9 ಹೋಲ್. ದೂರ ಹೊಡೆಯುವ ಉದ್ದ ಕ್ಲಬ್ ಡ್ರೈವರ್ ಎಲ್ಲಕ್ಕಿಂತ ಕೊನೆಗೆ. ಮರುದಿನ ಬೆಳಿಗ್ಗೆಯ ಮೊದಲ ಹೆಜ್ಜೆ ಹಿಂದಿನ ದಿನಕ್ಕಿಂತ ಜಾಸ್ತಿ ನೋಯದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗುತ್ತಿದ್ದೆ.