ಮಳೆಯಲ್ಲಿ ಎಬಿಎಸ್ ಬ್ರೇಕ್ ಒತ್ತುವುದು ಹೇಗೆ?

ಜಡಿಮಳೆಗೆ ಪಡುಬಿದ್ರಿ ಹತ್ತಿರ ಹೈವೇ 66ರಲ್ಲಿ ಮುಂದಿನ ಬಸ್ ದಿಢೀರ್ ನಿಂತರೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗಿ ಜಾರುವುದನ್ನು ತಡೆಯುವ ವ್ಯವಸ್ಥೆ) ಇರುವ ಕಾರಿನ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ, ಹಾಗೇ ಹಿಡಿದಿಡಿ. ಚಕ್ರಗಳ ಹತ್ತಿರ ಸೆನ್ಸರ್ ಇರುತ್ತದೆ, ಯಾವುದಾದರೂ ಚಕ್ರ ಲಾಕ್ ಆಗುವ ಹಾಗೆ ಕಂಡರೆ ಕಂಪ್ಯೂಟರ್ ಅದರ ಬ್ರೇಕ್ ಆಯಿಲ್ ಒತ್ತಡವನ್ನು ಸ್ವಲ್ಪ ಇಳಿಸಿ ಮತ್ತೆ ಏರಿಸುತ್ತದೆ, ಅದೂ ಸೆಕೆಂಡಿಗೆ ಹಲವು ಸಲ, ನಮ್ಮ ಕಾಲಿಗೆ ಆಗದ ವೇಗದಲ್ಲಿ. ಆಗ ಪೆಡಲ್ ಗಡಗಡ ನಡುಗುತ್ತದೆ. ಹೆದರಿ ಕಾಲು ತೆಗೆಯಬೇಡಿ! ಚಕ್ರ ಉರುಳುತ್ತಲೇ ಇರುವುದರಿಂದ ಸ್ಟೀರಿಂಗ್ ಮಾತು ಕೇಳುತ್ತದೆ, ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಳ್ಳಬಹುದು. ನನ್ನ ಪ್ರಕಾರ ಇದೇ ದೊಡ್ಡ ಲಾಭ. ಜಲ್ಲಿ, ಮರಳಿನ ಮೇಲೆ ಮಾತ್ರ ನಿಲ್ಲಲು ಜಾಸ್ತಿ ದೂರ ಬೇಕಾಗಬಹುದು. ಟೈರ್ ಸವೆದಿದ್ದರೆ ಎಬಿಎಸ್ ಇದ್ದೂ ಹಿಡಿತ ಸಿಗುವುದಿಲ್ಲ, ಮಳೆಗಾಲಕ್ಕೆ ಮುಂಚೆಯೇ ಬದಲಾಯಿಸಿ.