ಬೆಳ್ಳುಳ್ಳಿಗೊಂದು ಕಾಲ, ಬೆಂಡೆಗೊಂದು ಕಾಲ

ಹಿತ್ತಲಲ್ಲಿ ಬೆಳ್ಳುಳ್ಳಿ ಗಡ್ಡೆ ಕಟ್ಟಲೇ ಇಲ್ಲ ಅಂತ ಬೇಜಾರು ಮಾಡಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು, ಯಾವಾಗ ಊರಿದಿರಿ ಅಂತ. ಯಾವ ಗೊಬ್ಬರ, ಎಂಥ ಮಣ್ಣು ಅನ್ನೋದೆಲ್ಲ ಆಮೇಲಿನ ಮಾತು. ಅಡುಗೆಮನೆ ಬುಟ್ಟಿಯಲ್ಲಿ ಮೊಳಕೆ ಬಂದ ಎಸಳನ್ನು ಏಪ್ರಿಲ್‌ನಲ್ಲೋ ಮೇನಲ್ಲೋ ಕುಂಡಕ್ಕೆ ಚುಚ್ಚಿದರೆ ಹಸಿರು ಗರಿಯೇನೋ ಚೆನ್ನಾಗಿ ಏಳುತ್ತೆ, ಕಿತ್ತು ನೋಡಿದರೆ ಬುಡದಲ್ಲಿ ಏನೂ ಇರಲ್ಲ. ಬೆಳ್ಳುಳ್ಳಿಗೆ ಎಲೆ ಬಿಡುವ ಕಾಲದಲ್ಲಿ ಚಳಿ ಬೇಕು. ಗಡ್ಡೆ ಕಟ್ಟುವ ಹೊತ್ತಿಗೆ ಹಗಲು ಮೆಲ್ಲಗೆ ಉದ್ದವಾಗುತ್ತಾ ಬರಬೇಕು. ಇವೆರಡೂ ಕೂಡಿ ಬರೋದು ನಮ್ಮ ಬಯಲುಸೀಮೆಯಲ್ಲಿ ವರ್ಷಕ್ಕೊಂದೇ ಸಲ.

ಬೆಂಗಳೂರು, ತುಮಕೂರು, ಮೈಸೂರಿನ ಕಡೆಯವರಾದರೆ ಅಕ್ಟೋಬರ್ ಕೊನೆಯ ಹದಿನೈದು ದಿನ ಮತ್ತು ನವೆಂಬರ್ ಮೊದಲ ಹದಿನೈದು ದಿನ, ಅಂದರೆ ಸ್ವಾತಿ ಮಳೆಯ ಆಸುಪಾಸು ಅಂತ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಕೈ ಹಾಕಿದರೆ ಚಿತ್ತೆ ಮಳೆ ಇದೆಯಲ್ಲ, ಕುರುಡು ಚಿತ್ತೆ, ಎಲ್ಲಿ ಸುರಿದುಬಿಡುತ್ತೋ ಹೇಳೋಕಾಗಲ್ಲ. ಎಸಳು ಮಣ್ಣಲ್ಲೇ ಕೊಳೆಯುತ್ತೆ. ಡಿಸೆಂಬರ್ ದಾಟಿಸಿದರೆ ಗಿಡ ಇನ್ನೂ ಎಳೆಯದಿರುವಾಗಲೇ ಫೆಬ್ರವರಿ ಬಿಸಿಲು ಬಂದು ಗಡ್ಡೆ ಗೋಲಿಯಷ್ಟಕ್ಕೇ ನಿಂತುಬಿಡುತ್ತೆ. ಮಲೆನಾಡು, ಕರಾವಳಿಯವರಿಗೆ ನಾನು ಗಡ್ಡೆಯ ಆಸೆ ತೋರಿಸಲ್ಲ. ಅಲ್ಲಿನ ತೇವಕ್ಕೆ ಇದು ಒಗ್ಗೋ ಬೆಳೆಯಲ್ಲ. ಚೀಲದಲ್ಲಿ ನಾಲ್ಕು ಎಸಳು ಊರಿ ಎಳೆ ಗರಿಯನ್ನು ಕೊಯ್ದುಕೊಳ್ಳಿ, ಅಕ್ಕಿ ರೊಟ್ಟಿ ಹಿಟ್ಟಿಗೆ ಹೆಚ್ಚಿ ಹಾಕಿದರೆ ಅದರ ರುಚಿಯೇ ಬೇರೆ.

ಇನ್ನು ಬಿತ್ತನೆ. ಅಂಗಡಿಯಲ್ಲಿ ದಪ್ಪ ದಪ್ಪ ಎಸಳಿನ ಬೆಳ್ಳುಳ್ಳಿ ಕಂಡರೆ ಇದನ್ನೇ ಊರೋಣ ಅನ್ನಿಸುವುದು ಸಹಜ. ಬೇಡ. ಹಿಮಾಚಲ, ಕಾಶ್ಮೀರದ ಕಡೆಯಿಂದ ಬರುವ ಆ ದಪ್ಪ ತಳಿಗಳಿಗೆ ಅಲ್ಲಿನ ಉದ್ದ ಹಗಲು ಬೇಕು. ನಮ್ಮಲ್ಲಿ ಅವು ಬರೀ ಸೊಪ್ಪು ಬಿಟ್ಟು ಕೂರುತ್ತವೆ. ಸಂತೆಯಲ್ಲಿ ಹಾವೇರಿ, ಗದಗ, ಧಾರವಾಡದ ಕಡೆಯ ರೈತರು ಬೆಳೆದ ನಾಟಿ ಬೆಳ್ಳುಳ್ಳಿ ಸಿಕ್ಕರೆ ಕಣ್ಣಿಗೆ ಚಿಕ್ಕದು ಕಂಡರೂ ಅದನ್ನೇ ತನ್ನಿ. ಹೆಸರಿನ ತಳಿಯೇ ಬೇಕೆಂದರೆ ಭೀಮಾ ಓಂಕಾರ್, ಭೀಮಾ ಪರ್ಪಲ್ ಇವೆ. ಪುಣೆ ಹತ್ತಿರದ ರಾಜಗುರುನಗರದಲ್ಲಿ ಈರುಳ್ಳಿ, ಬೆಳ್ಳುಳ್ಳಿಗೆಂದೇ ಇರುವ ಸಂಶೋಧನಾ ನಿರ್ದೇಶನಾಲಯದವು. ಸುಮಾರು 120ರಿಂದ 135 ದಿನಕ್ಕೆ ಕೀಳೋಕೆ ಬರುತ್ತವೆ.

ಬೆಂಗಳೂರಿನಂಥ ಊರಲ್ಲಿ ಈಗೀಗ ಚಳಿ ಸಾಲದು ಅನ್ನಿಸಿದರೆ ಒಂದು ಉಪಾಯ ಇದೆ. ಬಿತ್ತನೆ ಗಡ್ಡೆಯನ್ನು ಬಿಡಿಸದೆ, ಕಾಗದದ ಚೀಲದಲ್ಲಿಟ್ಟು, ಊರುವುದಕ್ಕೆ ಮೂರು ನಾಲ್ಕು ವಾರ ಮೊದಲು ಫ್ರಿಜ್ಜಿನ ಕೆಳಗಿನ ಖಾನೆಗೆ ಹಾಕಿಡಿ. "ಅಯ್ಯೋ ಅತ್ತೆ, ಫ್ರಿಜ್ಜಿನಲ್ಲಿಟ್ಟರೆ ಬೆಳ್ಳುಳ್ಳಿ ಮೊಳೆತು ಹೋಗುತ್ತೆ ಅಂತ ನೀವೇ ಬೈತಿದ್ರಲ್ಲ" ಅಂತಾಳೆ ನನ್ನ ಸೊಸೆ. ನಿಜವೇ. ಒಗ್ಗರಣೆಯ ಬೆಳ್ಳುಳ್ಳಿಗೆ ಯಾವುದು ಕೇಡೋ ಬಿತ್ತನೆ ಬೆಳ್ಳುಳ್ಳಿಗೆ ಅದೇ ಬೇಕು. ತಣ್ಣಗಿದ್ದು ಬಂದ ಎಸಳು ಚಳಿಗಾಲ ಕಳೆಯಿತು ಅಂದುಕೊಂಡು ಬೇಗ ಗಡ್ಡೆಗೆ ಇಳಿಯುತ್ತೆ. ಹಾಗಂತ ತಿಂಗಳುಗಟ್ಟಲೆ ಮರೆತುಬಿಡಬೇಡಿ, ಗಡ್ಡೆ ಸೊಟ್ಟಪಟ್ಟ ಆಗುತ್ತೆ.

ಊರುವ ದಿನವೋ ಹಿಂದಿನ ದಿನವೋ ಎಸಳು ಬಿಡಿಸಿ, ಸಿಪ್ಪೆ ಸುಲಿಯಬೇಡಿ. ಹೊರಸುತ್ತಿನ ದಪ್ಪ ಎಸಳು ಮಣ್ಣಿಗೆ, ನಡುವಿನ ಸಣ್ಣವು ಚಟ್ನಿಗೆ. ಚೂಪು ತುದಿ ಮೇಲೆ, ಬುಡ ಕೆಳಗೆ, ಒಂದು ಇಂಚು ಆಳ ಸಾಕು. ಸಾಲಿಂದ ಸಾಲಿಗೆ ಅರ್ಧ ಅಡಿ, ಎಸಳಿಂದ ಎಸಳಿಗೆ 4 ಇಂಚು. ಮೂರಡಿ ಉದ್ದ, ಮೂರಡಿ ಅಗಲದ ಮಡಿಯಲ್ಲಿ 50 ಗಿಡ ಆರಾಮಾಗಿ ಕೂರುತ್ತವೆ. ಅಷ್ಟು ಮಡಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡವೇ ಬೇಡ. ಮಡಿಯನ್ನು ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸಿಕೊಳ್ಳಿ, ಅಕಾಲದ ಮಳೆ ಬಂದರೂ ನೀರು ನಿಲ್ಲಲ್ಲ. ತಾರಸಿಯವರಿಗೆ ಮುಕ್ಕಾಲು ಅಡಿ ಆಳದ ಚೀಲ ಸಾಕಾಗುತ್ತೆ, ತಳದಲ್ಲಿ ತೂತಿರಲಿ.

ಊರಿದ ಕೂಡಲೇ ಒಂದು ನೀರು, ಮೂರನೇ ದಿನ ಇನ್ನೊಂದು. ಆಮೇಲೆ ನೆಲದ ಮಡಿಗೆ ವಾರಕ್ಕೊಮ್ಮೆ ಕೊಟ್ಟರೆ ಸರಿ. ಚೀಲಕ್ಕೆ ಬೆರಳಿಟ್ಟು ನೋಡಿ ಹಾಕಿ. ಬೇರು ಮೇಲೇ ಇರೋದರಿಂದ ಕಳೆಯನ್ನು ಕೈಯಲ್ಲೇ ಕೀಳಿ, ಕುಡುಗೋಲು ಗುದ್ದಲಿ ತರಬೇಡಿ. ಮೇಲುಗೊಬ್ಬರ ಕೊಡೋದಿದ್ದರೆ ಮೊದಲ ಎರಡು ತಿಂಗಳೊಳಗೆ ಮುಗಿಸಿ. ಜನವರಿಯಲ್ಲಿ ಗಿಡ ಸೊರಗಿದೆ ಅಂತ ಯೂರಿಯಾ ಉಗ್ಗಿದರೆ ಕಟ್ಟಿದ ಗಡ್ಡೆಯೊಳಗಿಂದ ಹೊಸ ಮೊಳಕೆ ಹೊರಟು ಎಲ್ಲ ಬಿಚ್ಚಿಕೊಳ್ಳುತ್ತೆ. ಬಿಸಿಲೇರುವಾಗ ಗರಿ ಮೇಲೆ ಬೆಳ್ಳಗೆ ಗೀರು ಗೀರು ಕಂಡರೆ ಅದು ನುಸಿ, ಥ್ರಿಪ್ಸ್ ಅಂತಾರಲ್ಲ ಅದು. ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಅದು ಬೆರೆಯುವಷ್ಟು ಸೋಪಿನ ನೀರು, ಸಂಜೆ ಹೊತ್ತು ಸಿಂಪಡಿಸಿ. ಎಲ್ಲ ಕಾಯಿಲೆಗೂ ಹುಳಿ ಮಜ್ಜಿಗೆ ಅನ್ನುವ ಮಾತನ್ನು ನಾನಂತೂ ನಂಬಲ್ಲ.

ಕೆಳಗಿನ ಎಲೆಗಳು ಒಣಗಿ, ಮೇಲಿನವು ಹಳದಿಗೆ ತಿರುಗಿದವು ಅಂದರೆ ನೀರು ನಿಲ್ಲಿಸಿ. ಎರಡು ವಾರ ಬಿಟ್ಟು ಒಂದನ್ನು ಕಿತ್ತು ನೋಡಿ, ಎಸಳು ಬೇರೆ ಬೇರೆಯಾಗಿ ಕೈಗೆ ಸಿಕ್ಕಿದರೆ ಎಲ್ಲವನ್ನೂ ಕೀಳಬಹುದು. ಇನ್ನೂ ದಪ್ಪ ಆಗಲಿ ಅಂತ ಕಾಯುತ್ತಾ ಕೂತರೆ ಮಣ್ಣಲ್ಲೇ ಒಡೆದುಕೊಳ್ಳುತ್ತೆ. ತೊಳೆಯಬೇಡಿ, ಗರಿ ಕತ್ತರಿಸಬೇಡಿ. ಗಾಳಿಯಾಡುವ ನೆರಳಲ್ಲಿ ಹತ್ತು ದಿನ ಹರಡಿ, ಆಮೇಲೆ ಗರಿ ಹೆಣೆದು ಗೊಂಚಲು ಕಟ್ಟಿ ತೂಗುಹಾಕಿ. ಕೆಲವು ಬುಡದಲ್ಲಿ ಎಸಳೇ ಒಡೆಯದೆ ಒಂಟಿ ಗಡ್ಡೆ ಸಿಗುತ್ತೆ. ಸಣ್ಣ ಎಸಳು ಊರಿದ್ದರಿಂದಲೋ ಚಳಿ ಸಾಲದ್ದರಿಂದಲೋ ಆಗುವಂಥದ್ದು ಅದು. ಮನೆಮದ್ದಿಗೆ ಕೆಲವರು ಅದನ್ನೇ ಹುಡುಕಿಕೊಂಡು ಬರ್ತಾರೆ, ಕೊಡಿ. ಇಲ್ಲವೇ ಮುಂದಿನ ಕಾರ್ತೀಕಕ್ಕೆ ಊರಿ, ಸರಿಯಾದ ಗಡ್ಡೆ ಆಗಿ ಬರುತ್ತೆ.

ಕಾಲ ನೋಡುವ ಬುದ್ಧಿ ಬೆಳ್ಳುಳ್ಳಿಯೊಂದಕ್ಕೇ ಅಲ್ಲ. ನಮ್ಮ ಸೊಗಡಿನ ಅವರೆಯೂ ಹಾಗೇ, ಆದರೆ ಲೆಕ್ಕ ಉಲ್ಟಾ. ಮೇ ತಿಂಗಳಲ್ಲೇ ಹಾಕಿದರೂ ಬಳ್ಳಿ ಹಬ್ಬುತ್ತೆಯೇ ಹೊರತು ಹೂ ಬಿಡೋದು ಹಗಲು ಚಿಕ್ಕದಾದ ಮೇಲೆಯೇ. ಅದಕ್ಕೇ ಆರಿದ್ರೆ, ಪುನರ್ವಸು ಮಳೆಗೆ, ಅಂದರೆ ಜೂನ್ ಕೊನೆಗೋ ಜುಲೈ ಮೊದಲಿಗೋ ಹಾಕಿ ಸುಮ್ಮನಿದ್ದುಬಿಡಿ, ಡಿಸೆಂಬರ್‌ಗೆ ಹಿತಕವರೆ ಮಾಡುವಷ್ಟು ಸಿಗುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, 4 ಬಂದ ಮೇಲೆ ಯಾವ ಕಾಲದಲ್ಲಿ ಹಾಕಿದರೂ ಕಾಯಿ ಬಿಡುವ ಗಿಡ ಸಿಗುತ್ತೆ, ಕುಂಡಕ್ಕೂ ಸರಿ. ಸೊಗಡು ಮಾತ್ರ ಆ ಹಳೇ ಬಳ್ಳಿಯದೇ.

ಮುಂಗಾರಿಗೆ ಹೀರೆ, ಪಡವಲ, ಸೋರೆ, ಹಾಗಲ ಚಪ್ಪರಕ್ಕೆ ಹತ್ತಲಿ. ಹೂವಾಗಿ ಪೀಚು ಉದುರುತ್ತಿದ್ದರೆ ಗೊಬ್ಬರ ಹಾಕೋಕೆ ಓಡಬೇಡಿ, ಪರಾಗ ಮುಟ್ಟಿಲ್ಲ ಅಷ್ಟೇ. ಸೋರೆ, ಹೀರೆಯ ಹೂ ಅರಳೋದು ಸಂಜೆ, ಕುಂಬಳದ್ದು ಬೆಳಗಿನ ಜಾವ. ಆ ಹೊತ್ತಿಗೆ ಹೋಗಿ ಗಂಡು ಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವಿಗೆ ಸವರಿ. ಕಾಯಿ ಬೆರಳುದ್ದ ಆದಾಗ ಕಾಗದದ ಕೊಟ್ಟೆ ಕಟ್ಟಿದರೆ ಹಣ್ಣುನೊಣ ಚುಚ್ಚಲ್ಲ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಒಟ್ಲನ್ನು, ಅಂದರೆ ಸಸಿಮಡಿಯನ್ನು, ಜೂನ್‌ನಲ್ಲಿ ಹಾಕಿಕೊಳ್ಳಬಹುದು. ಮಳೆ ಜಾಸ್ತಿ ಹಿಡಿಯುವ ಕಡೆ ಟೊಮ್ಯಾಟೊವನ್ನು ಸೆಪ್ಟೆಂಬರ್‌ಗೆ ತಳ್ಳಿ, ಅಂಗಮಾರಿ ರೋಗದ ಕಾಟ ಕಡಿಮೆ. ಬೀಜಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ಕೇಳಿ. ಟೊಮ್ಯಾಟೊದಲ್ಲಿ ಅರ್ಕಾ ರಕ್ಷಕ್, ಬೆಂಡೆಯಲ್ಲಿ ಅರ್ಕಾ ಅನಾಮಿಕ ಹಿತ್ತಲಿಗೆ ಹೊಂದುತ್ತವೆ.

ಚಳಿಗಾಲದಲ್ಲಿ ಬೆಳ್ಳುಳ್ಳಿಯ ಪಕ್ಕದ ಮಡಿಗಳಲ್ಲಿ ಮೂಲಂಗಿ, ಕ್ಯಾರೆಟ್, ಕೋಸು, ಮೆಂತ್ಯ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಬೇಸಿಗೆಯಲ್ಲಿ ಅದಕ್ಕೆ ನೆರಳು ಬೇಕು, ಇಲ್ಲದಿದ್ದರೆ ನಾಲ್ಕೆಲೆಗೇ ಹೂವಿಗೆ ಏಳುತ್ತೆ. ಬೇಸಿಗೆ ಬೆಂಡೆಯ ಕಾಲ, ದಂಟಿನ ಕಾಲ. ಬೆಂಡೆ ಎಲೆಯ ನರ ಹಳದಿಯಾದ ಗಿಡ ಕಂಡರೆ ಕನಿಕರ ಬೇಡ, ಕಿತ್ತು ದೂರ ಹಾಕಿ. ಬಿಳಿನೊಣ ಅದನ್ನು ಉಳಿದವಕ್ಕೂ ಹಂಚಿಬಿಡುತ್ತೆ.

ಮಾರ್ಚ್‌ನಲ್ಲಿ ಖಾಲಿಯಾದ ಬೆಳ್ಳುಳ್ಳಿ ಮಡಿಗೆ ಮಾತ್ರ ಈರುಳ್ಳಿ ಇಡಬೇಡಿ, ಇಬ್ಬರದೂ ಒಂದೇ ರೋಗ, ಒಂದೇ ಹುಳು. ಅಲಸಂದೆಯೋ ದಂಟೋ ಹಾಕಿ, ಬೆಳ್ಳುಳ್ಳಿಯನ್ನು ಎರಡು ಮೂರು ವರ್ಷ ಬೇರೆ ಮಡಿಗೆ ಕಳಿಸಿ. ಮತ್ತೆ ಕಿತ್ತ ದಿನವೇ ದುಂಡಗಿರುವ, ಗಾಯವಿಲ್ಲದ ಐದಾರು ಗಡ್ಡೆಯನ್ನು ಮುಂದಿನ ಬಿತ್ತನೆಗೆ ಎತ್ತಿಡಿ. ಅದರ ಗೊಂಚಲು ಅಡುಗೆಮನೆಯಿಂದ ದೂರ ಇರಲಿ, ಬೇಕಾದರೆ ನಡುಮನೆಯ ಎತ್ತರದ ಮೊಳೆಗೆ ಹಾಕಿ. ಕೈಗೆ ಸಿಗುವ ಹಾಗಿದ್ದರೆ ಶ್ರಾವಣದೊಳಗೆ ಅದೂ ಒಗ್ಗರಣೆಗೆ ಹೋಗಿರುತ್ತೆ.